ಕವಿತೆ ಓದಿ, ಎದ್ದು ಹೊರಗೆ ಹೋಗಿ ನೋಡಿದ್ದುಂಟಾ?

ಕೆಸುವಿನೆಲೆ
ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಕವಿತೆ ಓದಿ ಆಹಾ ಅಂದಿದ್ದು ಎಲ್ಲರಿಗೂ ಇರುತ್ತದೆ, ನಾನು ಕೇಳುತ್ತಿರುವುದು ಅದನ್ನಲ್ಲ. ಪುಸ್ತಕ ಮಗುಚಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಈ ಕವಿ ಹೇಳಿದ್ದು ಹೌದೋ ಅಲ್ಲವೋ ಅಂತ ನೋಡೋಕೆ ಹೊರಗೆ ಹೋಗಿದ್ದುಂಟಾ?

ನನ್ನದು ಮೊದಲು ಹೇಳಿಬಿಡುತ್ತೇನೆ. ತಾವರೆ ಎಲೆಯ ಮೇಲಿನ ನೀರಿನ ಹಾಗೆ ಅಂಟದೆ ಇರಬೇಕು ಅನ್ನುವ ಮಾತು ಗೀತೆಯ ಐದನೇ ಅಧ್ಯಾಯದಲ್ಲಿ ಬರುತ್ತದೆ. ಅಲ್ಲಿಂದಾಚೆ ಎಷ್ಟು ಕವಿಗಳು ಅದನ್ನು ಬಳಸಿದರೋ ಲೆಕ್ಕವಿಲ್ಲ. ಹಳೇ ನಾಣ್ಯದ ಹಾಗೆ ಸವೆದು ಮುಖವೇ ಅಳಿಸಿಹೋದ ಹೋಲಿಕೆ. ನಾನೂ ಮೂವತ್ತು ವರ್ಷ ಅದಕ್ಕೆ ತಲೆದೂಗಿದವನೇ. ಈಚೆಗೆ ಒಂದು ಪದ್ಯದಲ್ಲಿ ಅದು ಮತ್ತೆ ಎದುರಾದಾಗ, ಯಾಕೋ ಏನೋ, ಅರ್ಥದ ಕಡೆ ಹೋಗುವ ಬದಲು ಮನಸ್ಸು ಎಲೆಯ ಮೇಲೇ ನಿಂತುಬಿಟ್ಟಿತು. ಅಲ್ಲ, ಯಾಕೆ ಅಂಟುವುದಿಲ್ಲ?

ತಾವರೆ ಸಿಗಲಿಲ್ಲ. ಕೆಸುವಿನ ಎಲೆಗೂ ಅದೇ ಗುಣ ಅಂತ ಗೊತ್ತಿತ್ತು, ಅದು ಸಿಕ್ಕಿತು. ಒಂದು ಹನಿ ನೀರು ಬಿಟ್ಟೆ. ಮಣಿಯಾಗಿ ಉರುಳಿಕೊಂಡು ಹೋಗಿ ನಡುವಿನ ತಗ್ಗಿನಲ್ಲಿ ಕೂತಿತು, ಪಾದರಸದ ಹಾಗೆ ನಡುಗುತ್ತಾ. ಸೀಮೆಸುಣ್ಣದ ಪುಡಿ ಉದುರಿಸಿ ಇನ್ನೊಂದು ಹನಿ ಬಿಟ್ಟೆ. ಹನಿ ಹೋದ ದಾರಿಯಲ್ಲಿ ಪುಡಿಯೇ ಇಲ್ಲ, ಎಲ್ಲವನ್ನೂ ಮೈಗೆ ಬಳಿದುಕೊಂಡು ಬೆಳ್ಳಗಾಗಿ ಕೂತಿದೆ. ಎಲೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿದರೆ ಹಸಿರು ಮಾಯ, ನೀರೊಳಗೆ ಬೆಳ್ಳಿ ತಗಡಿನ ಹಾಗೆ ಹೊಳೆಯಿತು. ಮೇಲೆ ತೆಗೆದರೆ ಒಣಗಿಯೇ ಇದೆ. ಕೊನೆಗೆ ಒಂದು ಕಡೆ ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿದೆ. ಅಲ್ಲಿ ಮಾತ್ರ ನೀರು ಹರಡಿ ಅಂಟಿಕೊಂಡಿತು.

ಆಮೇಲೆ ಹುಡುಕಿ ಓದಿದೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್ 1970ರ ದಶಕದಲ್ಲಿ ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದರಂತೆ. ನುಣುಪಾದ ಎಲೆಗಳನ್ನು ನೋಡುವ ಮೊದಲು ತೊಳೆಯಬೇಕಾಗುತ್ತಿತ್ತು, ಒರಟು ಎಲೆಗಳು ತೊಳೆಯದೆಯೇ ಚೊಕ್ಕ. ತಾವರೆ ಎಲೆಯ ತುಂಬ ಕಣ್ಣಿಗೆ ಕಾಣದ ಗುಬ್ಬುಗಳು, ಗುಬ್ಬುಗಳ ಮೇಲೆ ಇನ್ನೂ ಸಣ್ಣ ಮೇಣದ ಎಳೆಗಳು. ಹನಿ ಕೂರುವುದು ಆ ತುದಿಗಳ ಮೇಲೆ, ಕೆಳಗೆಲ್ಲ ಗಾಳಿ. ನಾನು ಬಕೆಟ್ಟಿನಲ್ಲಿ ಕಂಡ ಬೆಳ್ಳಿ ಆ ಗಾಳಿಯೇ. 1997ರಲ್ಲಿ ಅವರೂ ಅವರ ಜೊತೆಗಾರರೂ ಇದನ್ನು ವಿವರವಾಗಿ ಪ್ರಕಟಿಸಿದ ಮೇಲೆ 'ತಾವರೆ ಪರಿಣಾಮ' ಅನ್ನುವ ಹೆಸರು ಎಲ್ಲ ಕಡೆ ಬಂತು.

ಅಂಟದಿರುವುದಕ್ಕೆ ಕಾರಣ ನುಣುಪಲ್ಲ, ಒರಟು! ಇದು ಗೊತ್ತಾದ ದಿನ ನಾನು ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ನಿಮ್ಮದು ಹೇಳಿ.

ಗುಂಡುಸೂಜಿ
ಚೆನ್ನಾಗಿ ಬರೆದಿದ್ದೀರಿ, ಆದರೆ ಚುಚ್ಚದೆ ಬಿಟ್ಟರೆ ನನ್ನ ಹೆಸರಿಗೆ ಅವಮಾನ.

ಇದರಲ್ಲಿ ಕವಿತೆಯ ಪಾಲು ಎಷ್ಟು ಸಾರ್? ನೀವೇ ಹೇಳಿದ ಪ್ರಕಾರ ಮೂವತ್ತು ವರ್ಷ ಆ ಹೋಲಿಕೆ ನಿಮ್ಮನ್ನು ಎಲೆ ನೋಡದ ಹಾಗೆ ತಡೆದು ಕೂರಿಸಿತ್ತು. 'ಸಂಸಾರದಲ್ಲಿ ಅಂಟದೆ ಇರು' ಅನ್ನುವ ಅರ್ಥ ಸಿಕ್ಕಿತು, ಎಲೆ ಕಸದಬುಟ್ಟಿಗೆ. ನಾನು ನೋಡಿದ ಕಾವ್ಯಪ್ರೇಮಿಗಳೆಲ್ಲ ಹೀಗೇ. ಸಂಪಿಗೆಯ ಮೇಲೆ ಹತ್ತು ಪದ್ಯ ಬಾಯಿಗೆ ಬರುತ್ತದೆ, ಎದುರಿಗೆ ಹೂವಿಲ್ಲದ ಸಂಪಿಗೆ ಮರ ನಿಂತಿದ್ದರೆ ಇದು ಯಾವ ಮರ ಅಂತ ಕೇಳುತ್ತಾರೆ.

ಇನ್ನು ಕವಿಗಳ ಪ್ರಾಣಿಶಾಸ್ತ್ರ! ಹಂಸ ಹಾಲು ನೀರು ಬೇರೆ ಮಾಡುತ್ತದೆ. ಚಕೋರ ಬೆಳದಿಂಗಳು ಕುಡಿಯುತ್ತದೆ. ಚಾತಕಕ್ಕೆ ಮಳೆಹನಿ ಬಿಟ್ಟು ಬೇರೆ ನೀರು ಇಳಿಯುವುದಿಲ್ಲ. ಒಬ್ಬನಾದರೂ ಹೋಗಿ ನೋಡಿದನಾ? ಹಿಂದಿನವನು ಬರೆದದ್ದನ್ನು ಮುಂದಿನವನು ನಕಲು ಹೊಡೆದ, ಅಷ್ಟೇ.

ಅಂದಹಾಗೆ, ಬೆರಳಿನಿಂದ ಉಜ್ಜಿದ ಜಾಗ ಆಮೇಲೆ ಸರಿಹೋಯಿತಾ ಇಲ್ಲವಾ? ಅದನ್ನು ಹೇಳಲೇ ಇಲ್ಲ ನೀವು.

ಕೆಸುವಿನೆಲೆ
@ಗುಂಡುಸೂಜಿ ಅಯ್ಯೋ, ಅದನ್ನು ನೋಡಲೇ ಇಲ್ಲ. ಆ ಎಲೆ ಕಿತ್ತದ್ದು. ಗಿಡದಲ್ಲಿರುವ ಎಲೆಯ ಮೇಲೆ ಮತ್ತೆ ಮಾಡಬೇಕು. ಮಾಡಿ ಹೇಳುತ್ತೇನೆ.

ಹಳೇಪೆನ್ನು
ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಗುಂಡುಸೂಜಿಯವರ ಚುಚ್ಚು ನನಗೂ ತಾಗಿತು, ತಾಗಬೇಕಾದದ್ದೇ.

ಅಲ್ಲಮನ ವಚನ ನಿಮಗೆಲ್ಲ ಗೊತ್ತು: ಎತ್ತಣ ಮಾಮರ, ಎತ್ತಣ ಕೋಗಿಲೆ, ಎತ್ತಣಿಂದೆತ್ತ ಸಂಬಂಧವಯ್ಯಾ. ಇಪ್ಪತ್ತು ಸಲವಾದರೂ ಪಾಠ ಮಾಡಿದ್ದೇನೆ. ಎಲ್ಲಿಯದೋ ಎಲ್ಲಿಗೋ ಕೂಡಿಬರುವುದರ ಬಗ್ಗೆ, ಲಿಂಗ ಅಂಗದ ಬಗ್ಗೆ ಗಂಟೆಗಟ್ಟಲೆ ಹೇಳಿದ್ದೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, 'ಸರ್, ಕೂಗೋದು ಗಂಡಾ ಹೆಣ್ಣಾ?' ಅಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಕೂರಿಸಿದೆ. ಯಾಕೆಂದರೆ ನನಗೆ ಗೊತ್ತಿರಲಿಲ್ಲ.

ಆ ಬೇಸಗೆಯಲ್ಲಿ ನೋಡಲು ಶುರುಮಾಡಿದೆ. ಕುಹೂ ಕುಹೂ ಎಂದು ಏರುದನಿಯಲ್ಲಿ ಕೂಗುವುದು ಗಂಡು, ಕಾಡಿಗೆಯಂಥ ಕಪ್ಪು, ಕೆಂಪು ಕಣ್ಣು. ಹೆಣ್ಣು ಕಂದುಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ, ದನಿ 'ಕಿಕ್ ಕಿಕ್ ಕಿಕ್' ಅಂತ ಕರ್ಕಶ. ಕಾವ್ಯದಲ್ಲಿ ಕೋಗಿಲೆಯನ್ನು ಗಾಯಕಿ ಮಾಡಿದವರೆಲ್ಲ ಎಡವಿದ್ದಾರೆ. ಮಾವಿನ ಚಿಗುರು ತಿಂದು ಕಂಠ ಹದವಾಗುತ್ತದೆ ಅನ್ನುವುದೂ ಕಟ್ಟುಕತೆಯೇ, ಅದು ಮುಖ್ಯವಾಗಿ ಹಣ್ಣು ತಿನ್ನುವ ಹಕ್ಕಿ. ಕೂಗು ನಿಂತ ಮೇಲೆ ಎಲ್ಲೋ ಹೊರಟುಹೋಯಿತು ಅಂದುಕೊಳ್ಳುತ್ತೇವಲ್ಲ, ಬಹುಪಾಲು ಅಲ್ಲೇ ಎಲೆಯ ಮರೆಯಲ್ಲಿ ಸುಮ್ಮನೆ ಇರುತ್ತದೆ.

ನಿಜವಾದ ಸೋಜಿಗ ಇದಲ್ಲ. ಕೋಗಿಲೆ ಮೊಟ್ಟೆ ಇಡುವುದು ಕಾಗೆ ಗೂಡಿನಲ್ಲಿ. ಹಾಗಾಗಿ ಅದರ ಹಾಡಿನ ಕಾಲ ಕಾಗೆಯ ಗೂಡು ಕಟ್ಟುವ ಕಾಲಕ್ಕೆ ಗಂಟುಬಿದ್ದಿದೆ. ಮಾಮರಕ್ಕೂ ಕೋಗಿಲೆಗೂ ಸಂಬಂಧ ಎಲ್ಲಿಂದ ಅಂತ ಕೇಳಿದರೆ, ನಡುವೆ ಒಂದು ಕಾಗೆ ಕೂತಿದೆ! ಅಲ್ಲಮಪ್ರಭು ಕೇಳಿದ್ದು ಬೇರೆ ನೆಲೆಯಲ್ಲಿ, ಅದು ನನಗೂ ಗೊತ್ತು. ಆದರೆ 'ಸಂಬಂಧವೇನು' ಅಂತ ಕೇಳುವ ಚಟ ಹತ್ತಿಸಿದ್ದು ಆ ವಚನವೇ. ಉತ್ತರವನ್ನಷ್ಟೇ ಹೇಳುವ ಪಠ್ಯದಲ್ಲಿ ಈ ಚಟ ಹತ್ತುವುದಿಲ್ಲ.

ಆ ಹುಡುಗನಿಗೆ ಉತ್ತರ ಹೇಳುವ ಹೊತ್ತಿಗೆ ಅವನು ಪಾಸಾಗಿ ಹೋಗಿದ್ದ.

ದುರ್ಬೀನು
ಮೇಷ್ಟ್ರೇ, ಕೊನೆಯ ಸಾಲು ಓದಿ ಸುಮ್ಮನೆ ಕೂತೆ.

ಗುಂಡುಸೂಜಿಯವರಿಗೆ ಚಾತಕದ ಪರವಾಗಿ ಒಂದು ವಕಾಲತ್ತು. ಚಾತಕ ಕಲ್ಪನೆಯ ಹಕ್ಕಿಯಲ್ಲ. ಕಪ್ಪು ಬಿಳುಪಿನ, ತಲೆಯ ಮೇಲೆ ಜುಟ್ಟಿರುವ, ಕೋಗಿಲೆಯ ಬಳಗದ ಹಕ್ಕಿ. ಭಾರತದ ಉತ್ತರ ಭಾಗದಲ್ಲಿ ಅದು ಮುಂಗಾರಿನ ಜೊತೆಗೇ, ಕೆಲವೊಮ್ಮೆ ಮಳೆಗಿಂತ ಸ್ವಲ್ಪ ಮುಂಚೆ ಕಾಣಿಸಿಕೊಳ್ಳುತ್ತದೆ. ಆಫ್ರಿಕಾದ ಕಡೆಯಿಂದ ಸಮುದ್ರ ದಾಟಿ ಬರುತ್ತದೆ ಎಂದು ಪಕ್ಷಿತಜ್ಞರ ಎಣಿಕೆ.

ಬರುವುದು ನೀರಿಗಲ್ಲ. ಮಳೆ ಬಿದ್ದರೆ ಹಸಿರು, ಹಸಿರಿದ್ದರೆ ಕಂಬಳಿಹುಳು, ಅದೇ ಅದರ ಊಟ. ಜೊತೆಗೆ ಆಗ ಹರಟೆಮಲ್ಲ ಹಕ್ಕಿಗಳು ಗೂಡು ಕಟ್ಟಿರುತ್ತವೆ, ಆ ಗೂಡಿನಲ್ಲಿ ಇದು ಮೊಟ್ಟೆ ಇಡುತ್ತದೆ. ಹರಟೆಮಲ್ಲನ ಮೊಟ್ಟೆ ನೀಲಿ, ಚಾತಕದ್ದೂ ನೀಲಿ. ಪಕ್ಕಪಕ್ಕ ಇಟ್ಟರೆ ಅವುಗಳ ತಾಯಿಯೇ ಗುರುತಿಸುವುದಿಲ್ಲ, ನಾವು ಯಾವ ಲೆಕ್ಕ.

ಆ ಮೊದಲ ಕವಿ ಯಾರೋ, ಅವನು ನೋಡಿದ್ದಾನೆ ಸ್ವಾಮಿ. ಬರಿಗಣ್ಣಿನಲ್ಲಿ ನೋಡಿ 'ಈ ಹಕ್ಕಿಗೂ ಮಳೆಗೂ ಏನೋ ಇದೆ' ಎಂದು ಹಿಡಿದಿದ್ದಾನೆ. ನೋಟ ನಿಜ, ಕೊಟ್ಟ ಕಾರಣ ತಪ್ಪು. ಕಾರಣ ಹುಡುಕುವ ಕೆಲಸ ನಮಗೆ ಬಿಟ್ಟ.

ಚಕೋರದ ವಿಷಯದಲ್ಲಿ ಮಾತ್ರ ನಾನು ವಕಾಲತ್ತು ವಹಿಸಲಾರೆ. ಅದು ನೆಲದ ಮೇಲೆ ಕಾಳು, ಹುಳು ಕೆದಕುವ ಹಕ್ಕಿ. ಬೆಳದಿಂಗಳಲ್ಲಿ ನಿದ್ದೆ ಮಾಡುತ್ತದೆ.

ಗುಂಡುಸೂಜಿ
'ನೋಟ ನಿಜ, ಕಾರಣ ತಪ್ಪು', ಈ ಮಾತು ಚೆನ್ನಾಗಿದೆ, ಕದಿಯುತ್ತೇನೆ. ಆದರೂ ನೆನಪಿರಲಿ, ನೀವು ದುರ್ಬೀನು ಹಿಡಿದವರು. ಆಸಕ್ತಿ ಮೊದಲೇ ಇದ್ದವರಿಗೆ ಕವಿತೆ ನೆಪ. ಇಲ್ಲದವರಿಗೆ ಅದು ಹುಟ್ಟಿಸುತ್ತದಾ? ಮೂಲ ಪ್ರಶ್ನೆ ಅದು.

ಕರಿಮೋಡ
ಮೇಘದೂತದ ಮಾತು ಯಾರೂ ಎತ್ತಲಿಲ್ಲಲ್ರೀ! ನಂಗ ಹುಟ್ಟಿಸ್ತು, ಅದಕ್ಕ ಹೇಳ್ತೀನಿ.

ಸುರುವಿಗೇ ಕಾಳಿದಾಸ ತನ್ನ ಯಕ್ಷನ್ನ ತಾನೇ ಚ್ಯಾಷ್ಟಿ ಮಾಡ್ತಾನ. ಹೊಗಿ, ಬೆಳಕು, ನೀರು, ಗಾಳಿ ಕೂಡಿ ಆದ ಮೋಡ ಎಲ್ಲಿ, ಜೀವ ಇದ್ದವರು ಮುಟ್ಟಿಸಬೇಕಾದ ಸುದ್ದಿ ಎಲ್ಲಿ ಅಂತ. ನಾ ಅನುವಾದ ಓದೂವಾಗ 'ಹೊಗಿ' ಅನ್ನೂ ಮಾತಿಗೆ ತಡವರಿಸಿದೆ. ನೀರು ಸರಿ, ಗಾಳಿ ಸರಿ, ಮೋಡಕ್ಕ ಹೊಗಿ ಯಾಕ ಬೇಕು?

ಬೇಕ್ರೀ. ಬರೇ ನೀರಾವಿ ತಾನಾಗೇ ಹನಿ ಆಗೂದು ಭಾಳ ಕಷ್ಟ. ಕೂಡಾಕ ಒಂದು ಕಣ ಬೇಕು, ಧೂಳೋ, ಉಪ್ಪೋ, ಹೊಗಿಯೋ. 1880ರ ದಶಕದಾಗ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಅನ್ನಾವ್ರು ಇದನ್ನ ಪ್ರಯೋಗ ಮಾಡಿ ತೋರಿಸಿದ್ರು.

ನೀವೂ ಮಾಡಿ ನೋಡ್ರಿ. ಮೆತ್ತನ್ನ ಪ್ಲಾಸ್ಟಿಕ್ ಬಾಟಲಿಯೊಳಗ ಎರಡು ಚಮಚ ಬೆಚ್ಚನ ನೀರು ಹಾಕಿ, ಮುಚ್ಚಳ ಬಿಗದು, ಗಟ್ಟಿ ಹಿಚುಕಿ ತಟ್ಟನ ಬಿಡ್ರಿ. ಅಷ್ಟೇನೂ ಕಾಣೂದಿಲ್ಲ. ಈಗ ಕಡ್ಡಿ ಗೀರಿ ಆರಿಸಿ, ಅದರ ಹೊಗಿ ಒಂದೀಟು ಬಾಟಲಿಯೊಳಗ ಎಳಕೊಂಡು ಮತ್ತ ಮುಚ್ಚಿ ಹಿಚುಕ್ರಿ. ಕೈ ಸಡಿಲ ಬಿಟ್ಟ ಕ್ಷಣ ಬಾಟಲಿ ಒಳಗ ಬೆಳ್ಳಗ! ಹಿಚುಕಿದ್ರ ಮಾಯ, ಬಿಟ್ರ ಮೋಡ. ಬಿಟ್ಟಾಗ ಒಳಗಿನ ಗಾಳಿ ಹಿಗ್ಗಿ ತಂಪಾಗ್ತದ, ಅದಕ್ಕ.

ಇನ್ನೊಂದು. ಒಂದು ಕಿಲೋಮೀಟರ್ ಉದ್ದ, ಅಗಲ, ಎತ್ತರ ಇರೂ ಹತ್ತಿಯಂಥ ಮೋಡದಾಗ ಸುಮಾರು 500 ಟನ್ ನೀರು ಇರ್ತದ. ಹನಿ ಒಂದೊಂದೂ ಮಿಲಿಮೀಟರಿನ ಐವತ್ತರಾಗ ಒಂದು ಪಾಲು, ಹಿಂಗಾಗಿ ಇಳಿಯೂದು ಭಾಳ ನಿಧಾನ, ಕೆಳಗಿಂದ ಏರೂ ಗಾಳಿ ಎತ್ತಿ ಹಿಡೀತದ. ಯಕ್ಷ 500 ಟನ್ನಿನ ಪೋಸ್ಟ್‌ಮನ್ ಕಳಿಸ್ಯಾನ್ರೀ ಹೆಂಡ್ತಿಗೆ!

ಬೆಳ್ಳಿಗೆರೆ
ಅಂದರೆ ಮೋಡ ಹೇಗೆ ಆಗುತ್ತೆ ಅಂತ ನಮ್ಮವರಿಗೆ ಮೊದಲೇ ಗೊತ್ತಿತ್ತು. ಐಟ್ಕೆನ್ ಆಮೇಲೆ ಬಂದ.

ಕರಿಮೋಡ
ಇಲ್ರೀ, ಹಂಗಲ್ಲ. ಹೊಗಿ ಮ್ಯಾಲ ಹೋಗಿ ಮೋಡ ಆಗ್ತದ ಅಂತ ಹಿಂದಿನವರು ಕಣ್ಣಿಗೆ ಕಂಡಂಗ ತಿಳಿದಿದ್ರು. ಹೊಗಿಯ ಕಣದ ಮ್ಯಾಲ ಆವಿ ಕೂಡ್ತದ ಅನ್ನೂದು ಬ್ಯಾರೆ ಮಾತು. ಹೊಗಿ ಅಂದದ್ದು ಹೊಂದಿಬಂತು, ಅಷ್ಟ. ಕಾಳಿದಾಸಗ ವಿಜ್ಞಾನದ ಪದಕ ಕೊಡೂದು ಬ್ಯಾಡ, ಅವ್ನ ಹತ್ರ ಇರೂದು ಸಾಕು ಅವ್ನಿಗೆ.

ಬೆಳ್ಳಿಗೆರೆ
ಸರಿ ಬಿಡಿ.

ಚುಕ್ಕಿ
ಬಾಟಲಿ ಮೋಡ ಮಾಡಿದೆ, ಮೂರನೇ ಸಲಕ್ಕೆ ಬಂತು. ಮನೆಯವರೆಲ್ಲ ಸಾಲಾಗಿ ನಿಂತು ಹಿಚುಕಿದರು.

ವಿಜ್ಞಾನಿಗಿಂತ ಮೊದಲು ಕವಿ ಸರಿಯಾಗಿ ಊಹಿಸಿದ ಒಂದು ಉದಾಹರಣೆ ನನ್ನ ಹತ್ತಿರ ಇದೆ. ರಾತ್ರಿ ಯಾಕೆ ಕತ್ತಲು? ಸೂರ್ಯ ಮುಳುಗಿದ್ದಕ್ಕೆ ಅನ್ನಬೇಡಿ. ನಕ್ಷತ್ರಗಳು ಕೊನೆಯಿಲ್ಲದಷ್ಟು ಹರಡಿ, ಅನಾದಿಯಿಂದ ಉರಿಯುತ್ತಿದ್ದರೆ ಎತ್ತ ನೋಡಿದರೂ ಒಂದು ನಕ್ಷತ್ರಕ್ಕೆ ಕಣ್ಣು ತಾಗಬೇಕು, ಆಕಾಶವೆಲ್ಲ ಬೆಳ್ಳಗೆ ಉರಿಯಬೇಕು. ಓಲ್ಬರ್ಸ್ ಎಂಬ ಖಗೋಳಜ್ಞರ ಹೆಸರಿನಲ್ಲಿ ಇದೊಂದು ದೊಡ್ಡ ಒಗಟು. 1848ರಲ್ಲಿ ಅಮೆರಿಕದ ಕವಿ ಎಡ್ಗರ್ ಅಲನ್ ಪೋ, ಗದ್ಯದಲ್ಲೇ ಬರೆದು 'ಇದು ಕವಿತೆ' ಎಂದು ಕರೆದ ಬರಹದಲ್ಲಿ, ದೂರದ ಬೆಳಕು ಇನ್ನೂ ನಮ್ಮನ್ನು ಮುಟ್ಟಿಲ್ಲದಿರಬಹುದು ಎಂದ. ಈಗಿನ ಉತ್ತರದ ಮುಖ್ಯ ಭಾಗ ಅದೇ. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ, ಅದಕ್ಕಿಂತ ಹೆಚ್ಚು ಹೊತ್ತು ನಡೆದು ಬರಬೇಕಾದ ಬೆಳಕು ಇನ್ನೂ ದಾರಿಯಲ್ಲಿದೆ.

ಆ ಬರಹದ ಉಳಿದ ಎಷ್ಟೋ ಮಾತು ಗಾಳಿಗುದ್ದು. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಸೂಜಿಯವರು ಬರುತ್ತಾರೆ.

ರಾತ್ರಿಪಾಳಿ
ನಾನು ಕಾವಲು ಕೆಲಸದವನು. ಓದಿದ್ದು ಹತ್ತನೇ ಕ್ಲಾಸು. ರಾತ್ರಿ ಎಚ್ಚರ ಇರಬೇಕಲ್ಲ, ಫೋನಿನಲ್ಲಿ ಪದ್ಯ ಓದುತ್ತೇನೆ, ಕಥೆ ಆದರೆ ಮುಳುಗಿಹೋಗುತ್ತೇವೆ, ಪದ್ಯ ಆದರೆ ನಡುವೆ ತಲೆ ಎತ್ತಬಹುದು.

ಒಂದು ಪದ್ಯದಲ್ಲಿ ಬೆಳದಿಂಗಳು ಹೂಗಳ ಬಣ್ಣ ಕದಿಯುತ್ತದೆ ಅಂತ ಇತ್ತು. ಇರಲಿ ಪದ್ಯ ಅಂತ ಬಿಟ್ಟೆ. ಆದರೆ ನಾನು ಕೂರುವ ಜಾಗದ ಎದುರಿಗೇ ಕೆಂಪು ದಾಸವಾಳದ ಗಿಡ ಇದೆ. ಎಷ್ಟು ವರ್ಷದಿಂದ ಇದೆ, ನೋಡಿರಲಿಲ್ಲ. ಮರುದಿನ ಸಂಜೆ ಲೈಟ್ ಹಾಕುವ ಮೊದಲು ಕೂತು ನೋಡಿದೆ.

ಹಗಲಲ್ಲಿ ಆ ಹೂವು ಎಲೆಗಿಂತ ಎದ್ದು ಕಾಣುತ್ತದೆ. ಕತ್ತಲಾಗುತ್ತಾ ಬಂದ ಹಾಗೆ ಎರಡೂ ಸಮ ಆದವು. ಇನ್ನು ಸ್ವಲ್ಪ ಹೊತ್ತಿಗೆ ಉಲ್ಟಾ! ಎಲೆ ಬೂದಿ ಬಣ್ಣದಲ್ಲಿ ತೆಳುವಾಗಿ ಕಾಣುತ್ತಿದೆ, ಹೂವು ಇದ್ದ ಜಾಗದಲ್ಲಿ ಕರೀ ತೂತು. ಪಕ್ಕದಲ್ಲಿದ್ದ ಬಿಳಿ ನಂದಿಬಟ್ಟಲು ಮಾತ್ರ ತೇಲುವ ಹಾಗೆ ಇತ್ತು. ಪೂರ್ತಿ ಹುಣ್ಣಿಮೆಯ ದಿನವೂ ನೋಡಿದೆ. ಅಷ್ಟು ಬೆಳಕಿದ್ದರೂ ಕೆಂಪು ಕಪ್ಪೇ.

ತಮ್ಮನ ಮಗಳು ಕಾಲೇಜು, ಅವಳನ್ನು ಕೇಳಿದೆ. ಹುಡುಕಿ ಹೇಳಿದಳು. ಕಣ್ಣಿನಲ್ಲಿ ಎರಡು ಥರದ ಜೀವಕೋಶ, ಹಗಲಿಗೆ ಶಂಕು, ರಾತ್ರಿಗೆ ಕಂಬಿ. ಕಂಬಿಗೆ ಬಣ್ಣ ಗೊತ್ತಾಗುವುದಿಲ್ಲ, ಕೆಂಪಂತೂ ಅದಕ್ಕೆ ಕಾಣುವುದೇ ಇಲ್ಲ ಅನ್ನಬಹುದು. ಪುರ್ಕಿನ್ಯೆ ಅಂತ ಒಬ್ಬ ಚೆಕ್ ವಿಜ್ಞಾನಿ ಇನ್ನೂರು ವರ್ಷದ ಹಿಂದೆ ಬೆಳಗಿನ ಜಾವದಲ್ಲಿ ಇದನ್ನೇ ಗಮನಿಸಿ ಬರೆದಿಟ್ಟನಂತೆ. ಅವನೂ ಹೂವನ್ನೇ ನೋಡಿ!

ಅವಳೇ ಇನ್ನೊಂದು ಹೇಳಿದಳು, ಅದನ್ನು ಕೇಳಿ ನನಗೆ ನಿಜಕ್ಕೂ ಗಾಬರಿ ಆಯಿತು. ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲು ಮಾತ್ರ ವಾಪಸ್ ಕೊಡುತ್ತಾನೆ. ಅಂದರೆ ಸವೆದ ಡಾಂಬರು ರಸ್ತೆಯಷ್ಟು ಕಪ್ಪು ಕಲ್ಲು. ಹಾಲು ಚೆಲ್ಲಿದ ಹಾಗೆ ಅಂತ ನಾವು ಅನ್ನುವುದು ಡಾಂಬರಿನ ಬೆಳಕು. ಸುತ್ತ ಕತ್ತಲು ಇರುವುದಕ್ಕೆ ಬೆಳ್ಳಗೆ ಕಾಣುತ್ತದೆ.

ಗುಂಡುಸೂಜಿ ಸಾರ್ ಕೇಳಿದರಲ್ಲ, ಆಸಕ್ತಿ ಇಲ್ಲದವನಿಗೆ ಹುಟ್ಟುತ್ತದಾ ಅಂತ. ನನಗೆ ಇರಲಿಲ್ಲ ಸಾರ್.

ಕೆಸುವಿನೆಲೆ
@ರಾತ್ರಿಪಾಳಿ ಈ ಚರ್ಚೆ ಶುರುಮಾಡಿದ್ದು ಸಾರ್ಥಕ ಆಯಿತು ಅಣ್ಣಾ. ಇವತ್ತು ಸಂಜೆ ನಮ್ಮಲ್ಲೂ ಲೈಟ್ ತಡವಾಗಿ.

ನೀರ್ಗುಳ್ಳೆ
ಮಾರಾಯ್ರೇ, ನೀವೆಲ್ಲ ಒಪ್ಪಂದಕ್ಕೆ ಬರುವ ಮೊದಲು ಹಳೇ ಜಗಳ ಒಂದನ್ನು ನೆನಪು ಮಾಡ್ತೇನೆ. ಕವಿಗಳು ಎಲ್ಲರೂ ಕುತೂಹಲದ ಪರ ಇದ್ದವರಲ್ಲ.

1817ರ ಡಿಸೆಂಬರಿನಲ್ಲಿ ಲಂಡನ್ನಿನ ಚಿತ್ರಕಾರ ಹೇಡನ್ ಮನೆಯಲ್ಲಿ ಒಂದು ಊಟ. ವರ್ಡ್ಸ್‌ವರ್ತ್, ಕೀಟ್ಸ್, ಚಾರ್ಲ್ಸ್ ಲ್ಯಾಂಬ್ ಎಲ್ಲ ಇದ್ದರು. ನ್ಯೂಟನ್ನು ಕಾಮನಬಿಲ್ಲನ್ನು ಪಟ್ಟಕದ ಬಣ್ಣ ಮಾಡಿ ಅದರ ಕಾವ್ಯವನ್ನೆಲ್ಲ ಕೊಂದ ಅಂತ ಲ್ಯಾಂಬೂ ಕೀಟ್ಸೂ ಒಮ್ಮತ. ಗ್ಲಾಸು ಎತ್ತಿ 'ನ್ಯೂಟನ್ನಿಗೆ ಆರೋಗ್ಯ, ಗಣಿತಕ್ಕೆ ಗೊಂದಲ' ಅಂತ ಕುಡಿದದ್ದೂ ಉಂಟು. ಎರಡು ಮೂರು ವರ್ಷದ ಮೇಲೆ ಕೀಟ್ಸು ಒಂದು ಕವಿತೆಯಲ್ಲೂ ಇದೇ ದೂರು ಬರೆದ, ಶಾಸ್ತ್ರ ಕಾಮನಬಿಲ್ಲಿನ ನೇಯ್ಗೆಯನ್ನೇ ಬಿಚ್ಚಿ ಹಾಕ್ತದೆ ಅಂತ. ತಮಾಷೆ ಎಂದರೆ ಕೀಟ್ಸು ಸ್ವತಃ ಆಸ್ಪತ್ರೆಯಲ್ಲಿ ವೈದ್ಯ ಕಲಿತವ!

ನಾನು ಆ ದೂರು ಓದಿಯೇ ಕಾಮನಬಿಲ್ಲಿನ ಹಿಂದೆ ಬಿದ್ದದ್ದು. ಬಿಚ್ಚಿದರೆ ಎಷ್ಟು ಕಡಿಮೆ ಆಗ್ತದೆ ನೋಡುವ ಅಂತ. ಬೆಳಿಗ್ಗೆ ಬಿಸಿಲಿಗೆ ಬೆನ್ನು ಹಾಕಿ ನಿಂತು, ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ತುಂತುರು ಮಾಡಿದೆ. ಬಂತು. ನನ್ನ ತಲೆಯ ನೆರಳನ್ನು ನಡುವಿಟ್ಟು ಸುತ್ತ 42 ಡಿಗ್ರಿಯಲ್ಲಿ ಬಳೆ. ಒಂದು ಹೆಜ್ಜೆ ಪಕ್ಕಕ್ಕೆ ಹೋದರೆ ಅದೂ ಬಂತು. ಹತ್ತಿರದ ತುಂತುರಿನಲ್ಲಿ ಎಡಗಣ್ಣು ಮುಚ್ಚಿದರೆ ಒಂದು ಕಡೆ, ಬಲಗಣ್ಣು ಮುಚ್ಚಿದರೆ ಇನ್ನೊಂದು ಕಡೆ! ಕಣ್ಣಿಗೊಂದು ಬಿಲ್ಲು ಉಂಟು. ಪಕ್ಕದಲ್ಲಿ ನಿಂತವರು ನೋಡುವುದು ಬೇರೆ ಹನಿಗಳ ಬೇರೆ ಬಿಲ್ಲು. ಇಬ್ಬರು ಒಂದೇ ಕಾಮನಬಿಲ್ಲನ್ನು ನೋಡ್ಲಿಕ್ಕೆ ಆಗುವುದೇ ಇಲ್ಲ ಗೊತ್ತುಂಟಾ?

ಮಳೆಯಲ್ಲಿ ಜೋಡಿ ಬಿಲ್ಲು ಬಂದಾಗ ಹೊರಗಿನದ್ದರ ಬಣ್ಣ ತಿರುಗುಮುರುಗು, ಎರಡರ ನಡುವಿನ ಆಕಾಶ ಉಳಿದ ಕಡೆಗಿಂತ ಕಪ್ಪು. ಇದನ್ನೆಲ್ಲ ಒಬ್ಬ ಕವಿಯೂ ನನಗೆ ಹೇಳಿರಲಿಲ್ಲ. ಆದರೆ ಕೀಟ್ಸು ಅಷ್ಟು ಸಿಟ್ಟಿನಿಂದ ಬರೆಯದಿದ್ದರೆ ನಾನು ಪೈಪು ಹಿಡಿಯುತ್ತಿರಲಿಲ್ಲ. ಸಿಟ್ಟಿಗೂ ಒಂದು ಉಪಯೋಗ.

ಗುಂಡುಸೂಜಿ
ನೀವೆಲ್ಲ ಸೇರಿ ನನ್ನನ್ನು ಮೂಲೆಗೆ ತಳ್ಳುತ್ತಿದ್ದೀರಿ. ಕೊನೆಯ ಬಾಣ ಇದೆ, ಬಿಡುತ್ತೇನೆ: ಡಾರ್ವಿನ್.

ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಸುತ್ತುವಾಗ, ದಡಕ್ಕೆ ಇಳಿದು ತಿರುಗಾಡಲು ಒಂದೇ ಪುಸ್ತಕ ಒಯ್ಯಬಹುದಾದರೆ ಅವನು ಮಿಲ್ಟನ್ನನ ಕಾವ್ಯ ಒಯ್ಯುತ್ತಿದ್ದ. ಇಲ್ಲಿಯವರೆಗೆ ನಿಮ್ಮ ಪಕ್ಷಕ್ಕೆ ಗೆಲುವು. ಮುಂದೆ ಕೇಳಿ. ವಯಸ್ಸಾದ ಮೇಲೆ ಒಂದು ಸಾಲು ಕವಿತೆಯನ್ನೂ ಸಹಿಸಲಾರೆ ಎಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಶೇಕ್ಸ್‌ಪಿಯರ್ ಓದಿದರೆ ಹೊಟ್ಟೆ ತೊಳಸುವಷ್ಟು ಬೇಸರ. ಆದರೆ ಕುತೂಹಲ? ಸಾಯುವ ಹಿಂದಿನ ವರ್ಷ, 1881ರಲ್ಲಿ, ಎರೆಹುಳುಗಳ ಮೇಲೆ ಇಡೀ ಪುಸ್ತಕ ಬರೆದ! ಕವಿತೆಯ ರುಚಿ ಸತ್ತರೂ ಬೆರಗು ಸಾಯಲಿಲ್ಲ. ಎರಡಕ್ಕೂ ಕೊಂಡಿ ಇಲ್ಲ ಅನ್ನುವುದಕ್ಕೆ ಇನ್ನೇನು ಬೇಕು?

ಹಳೇಪೆನ್ನು
ಒಳ್ಳೆಯ ಬಾಣ. ತಪ್ಪಿಸಿಕೊಳ್ಳುವುದು ಕಷ್ಟ. ಆದರೂ ಅದೇ ಪುಟದ ಮುಂದಿನ ಮಾತು ಬಿಟ್ಟಿರಿ. ಇನ್ನೊಂದು ಜನ್ಮ ಸಿಕ್ಕರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕವಿತೆ ಓದುವ, ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಎಂದು ಅವನೇ ಹಲುಬಿದ್ದಾನೆ. ತನ್ನ ಮನಸ್ಸು ಸಂಗತಿಗಳನ್ನು ಅರೆದು ನಿಯಮ ತೆಗೆಯುವ ಯಂತ್ರದಂತಾಯಿತು ಎಂಬ ಕೊರಗು ಅದು.

ಎರೆಹುಳುವಿನ ಪುಸ್ತಕ ನಾನೂ ಅಲ್ಲಿ ಇಲ್ಲಿ ಓದಿದ್ದೇನೆ. ಹುಳುಗಳಿಗೆ ಕಿವಿ ಇದೆಯೇ ಎಂದು ನೋಡಲು ಅವುಗಳ ಮುಂದೆ ಶಿಳ್ಳೆ ಊದಿ, ಬಸೂನು ಎಂಬ ಊದುವಾದ್ಯ ನುಡಿಸಿ, ಪಿಯಾನೋ ಬಾರಿಸಿ ಪರೀಕ್ಷಿಸಿದರು. ಹುಳುಗಳು ಕ್ಯಾರೇ ಅನ್ನಲಿಲ್ಲ. ಅವುಗಳ ಕುಂಡವನ್ನು ಪಿಯಾನೋ ಮೇಲೇ ಇಟ್ಟು ಒಂದು ಮನೆ ಒತ್ತಿದಾಗ ಸರಕ್ಕನೆ ಬಿಲಕ್ಕೆ ಇಳಿದವು. ಕೇಳುವುದಿಲ್ಲ, ನಡುಕ ಮಾತ್ರ ತಿಳಿಯುತ್ತದೆ. ಎರೆಹುಳುವಿಗೆ ಕಛೇರಿ ಏರ್ಪಡಿಸುವವನನ್ನು ನಾನು ಅಕವಿ ಅನ್ನಲಾರೆ, ಕ್ಷಮಿಸಿ.

ಗುಂಡುಸೂಜಿ
ಎರೆಹುಳುವಿಗೆ ಕಛೇರಿ! ಇದಕ್ಕೆ ಉತ್ತರ ಇಲ್ಲ. ಒಪ್ಪಿದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಅಂಕಿಅಂಶ
ಈ ಕಡೆಯಿಂದಲೂ ಒಂದು ನೋಡಿ. ಕವಿತೆಯೇ ಮಾಹಿತಿ ಆಗಿಬಿಟ್ಟ ಎರಡು ಪ್ರಸಂಗ.

ಜಪಾನಿನ ಕ್ಯೋಟೋದಲ್ಲಿ ಚೆರಿ ಹೂ ಯಾವ ದಿನ ಪೂರ್ತಿ ಅರಳಿತು ಅನ್ನುವ ದಾಖಲೆ ಕ್ರಿ.ಶ. 812ರಿಂದ ಇದೆ, ನಡುನಡುವೆ ಬಿಟ್ಟುಹೋಗಿರುವುದುಂಟು. ಯಸುಯುಕಿ ಅವೊನೊ ಎಂಬ ಸಂಶೋಧಕರು ಹಳೆಯ ದಿನಚರಿ, ಚರಿತ್ರೆಗಳನ್ನು ಜಾಲಾಡಿ ಕೂಡಿಸಿದ್ದು. ಅವರ ಪಟ್ಟಿಯಲ್ಲಿ ಪ್ರತಿ ವರ್ಷದ ಎದುರು ಮಾಹಿತಿ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಸಂಕೇತ ಇದೆ, ಅದರಲ್ಲಿ ಒಂದು 'ಕವಿತೆಯ ತಲೆಬರಹ'. ಪದ್ಯದ ಒಡಲಲ್ಲ, ತಲೆಬರಹ. ನಾವು ಓದದೆ ಹಾರಿಸಿಬಿಡುವ ಸಾಲು! 2021ರಲ್ಲಿ ಹೂ ಪೂರ್ತಿ ಅರಳಿದ್ದು ಮಾರ್ಚ್ 26ಕ್ಕೆ. ಅದಕ್ಕಿಂತ ಮೊದಲು ಅಷ್ಟು ಬೇಗ ಅರಳಿದ್ದು 1409ರಲ್ಲಿ, ಮಾರ್ಚ್ 27ಕ್ಕೆ. ಬಿಸಿ ಏರುತ್ತಿದೆ ಅನ್ನುವುದಕ್ಕೆ ಸಾಕ್ಷಿ ಹೇಳುವವರಲ್ಲಿ ಹೂ ನೋಡಲು ಹೋಗಿ ಪದ್ಯ ಬರೆದು ತಾರೀಖು ಹಾಕಿದವರೂ ಇದ್ದಾರೆ.

ಇನ್ನೊಂದು ಚೀನಾದ್ದು. ಯಾಂಗ್ಟ್ಸೆ ನದಿಯಲ್ಲಿ ಡಾಲ್ಫಿನ್ನಿನ ನೆಂಟ, ಬೆನ್ನ ಮೇಲೆ ರೆಕ್ಕೆ ಇಲ್ಲದ ಪೋರ್ಪಸ್ ಅಂತ ಒಂದು ಜೀವಿ ಇದೆ, ಅಳಿವಿನ ಅಂಚಿನಲ್ಲಿ. ಮೊದಲು ಎಲ್ಲೆಲ್ಲಿ ಇತ್ತು ಅಂತ ತಿಳಿಯಲು ಎಣಿಕೆಯ ದಾಖಲೆಗಳು ಕೆಲವೇ ದಶಕ ಹಿಂದಕ್ಕೆ ಹೋಗುತ್ತವೆ. 2025ರಲ್ಲಿ ಅಲ್ಲಿಯ ಸಂಶೋಧಕರು ಅದನ್ನು ಹೆಸರಿಸಿದ 724 ಹಳೆಯ ಕವಿತೆಗಳನ್ನು ಕಲೆಹಾಕಿ, ಯಾವ ಕವಿ ಎಲ್ಲಿ ನೋಡಿದ ಅಂತ ನಕಾಶೆ ಮಾಡಿದರು. ಸುಮಾರು 1,400 ವರ್ಷದಲ್ಲಿ ಅದರ ನೆಲೆ ಕಡಿಮೆಯೆಂದರೂ ನೂರಕ್ಕೆ 65 ಪಾಲು ಕುಗ್ಗಿದೆ. ಹೆಚ್ಚಿನದು ಈಚಿನ ನೂರು ವರ್ಷದಲ್ಲಿ. ದೋಣಿಯಲ್ಲಿ ಹೋಗುತ್ತಾ ಮೀನಿನಂಥದ್ದೇನೋ ತಲೆ ಎತ್ತಿತು ಅಂತ ಬರೆದವನಿಗೆ ತಾನು ಗಣತಿ ಮಾಡುತ್ತಿದ್ದೇನೆ ಅನ್ನುವ ಅರಿವು ಎಲ್ಲಿರಬೇಕು.

ನನ್ನ ಗೊಣಗಾಟ ಒಂದಿದೆ. ಈಗ ಬರುವ ಕವಿತೆಗಳಲ್ಲಿ 'ಹಕ್ಕಿ', 'ಹೂ', 'ಮರ' ಅಷ್ಟೇ ಇರುತ್ತದೆ. ಯಾವ ಹಕ್ಕಿ? ನೂರು ವರ್ಷದ ಮೇಲೆ ಯಾರಾದರೂ ನಕಾಶೆ ಮಾಡಲು ಕೂತರೆ ಗತಿ ಏನು?

ದುರ್ಬೀನು
@ಅಂಕಿಅಂಶ ಕೊನೆಯ ಮಾತಿಗೆ ನೂರು ಸಲ ಹೌದು. 'ಹೆಸರಿಲ್ಲದ ಹಕ್ಕಿಯೊಂದು' ಅಂತ ಬರೆದವರಿಗೆಲ್ಲ ಅದರ ಹೆಸರು ಹುಡುಕಿ ಪತ್ರ ಬರೆಯಬೇಕು ಅನ್ನಿಸುತ್ತದೆ ನನಗೆ.

ಚುಕ್ಕಿ
ಬರೆಯಿರಿ, ಸ್ಟಾಂಪಿನ ಖರ್ಚು ನನ್ನದು.

ಗುಂಡುಸೂಜಿ
ಬಾಟಲಿ ಮೋಡ ನನಗೆ ಬರುತ್ತಿಲ್ಲ. ಹೌದು, ಮಾಡುತ್ತಿದ್ದೇನೆ, ನಗಬೇಡಿ. ಆರು ಕಡ್ಡಿ ಖರ್ಚಾಯಿತು.

ಕರಿಮೋಡ
ಬಾಟಲಿ ಗಟ್ಟಿ ಐತೇನ್ರೀ? ತೆಳ್ಳಗಿದ್ದದ್ದು ತಗೋರಿ. ನೀರು ತಣ್ಣಗಿದ್ರ ಬರೂದಿಲ್ಲ, ಬೆಚ್ಚಗ ಇರಲಿ. ಹಿಂದ ಕರಿ ಬಟ್ಟಿ ಹಿಡಿದು ಬೆಳಕಿಗೆ ಅಡ್ಡ ನೋಡ್ರಿ. ಬಿಡೂವಾಗ ಮಾತ್ರ ತಟ್ಟನ ಬಿಡ್ಬೇಕು.

ಗುಂಡುಸೂಜಿ
ತಣ್ಣೀರು ಹಾಕಿದ್ದೆ.

ಕೆಸುವಿನೆಲೆ
ಉಜ್ಜಿದ ಜಾಗದ ವರದಿ. ಗಿಡದಲ್ಲೇ ಇರುವ ಎಲೆಯೊಂದರಲ್ಲಿ ನಾಲ್ಕಾಣೆಯಗಲ ಉಜ್ಜಿ ಪೆನ್ನಿನಲ್ಲಿ ಸುತ್ತ ಗೀಟು ಹಾಕಿದ್ದೆ. ದಿನಾ ಬೆಳಿಗ್ಗೆ ಒಂದು ಹನಿ. ಮೊದಲ ದಿನ ಅಂಟಿತು. ನಾಲ್ಕನೇ ದಿನವೂ ಅಂಟಿತು, ಆದರೆ ಅಂಚಿನಲ್ಲಿ ಸ್ವಲ್ಪ ಗುಂಡಗಾದ ಹಾಗೆ ಕಂಡಿತು. ನಿಜವಾಗಿ ಕಂಡಿತೋ, ಕಾಣಲಿ ಅನ್ನುವ ಆಸೆಗೆ ಕಂಡಿತೋ ಹೇಳಲಾರೆ. ಆರನೇ ದಿನ ಎಲೆ ಹಳದಿಗೆ ತಿರುಗಿತು, ಒಂಬತ್ತನೇ ದಿನ ಜೋತು ಬಿತ್ತು. ಹಳೇ ಎಲೆ ಆರಿಸಿಕೊಂಡದ್ದು ನನ್ನ ತಪ್ಪು.

ಪಕ್ಕದಲ್ಲಿ ಹೊಸ ಎಲೆ ಸುರುಳಿ ಬಿಚ್ಚುತ್ತಿದೆ. ಅರ್ಧ ಬಿಚ್ಚಿದ ಸುರುಳಿಯ ಮೇಲೂ ನೀರು ನಿಲ್ಲುತ್ತಿಲ್ಲ, ಜಾರಿ ಕೆಳಗೆ ಬೀಳುತ್ತಿದೆ. ಪೂರ್ತಿ ಬಿಚ್ಚಿಕೊಳ್ಳಲಿ ಅಂತ ಕಾಯುತ್ತಿದ್ದೇನೆ. ತೊಟ್ಟಿಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ, ಸಂಜೆ ಹೊತ್ತು ಮಾತ್ರ ಆ ದಾರ ಹುಡುಕೋದೇ ಕಷ್ಟ.